ಮೂರಂತಸ್ತಿನ ಮೂಲೆ ಮಳಿಗೆ

ನಮ್ಮ ದುರ್ಗದ ಜನಕ್ಕೆ ಎತ್ತರದ ವಿಷಯದಲ್ಲಿ ಒಂದು ಬಗೆಯ ಸೋಮಾರಿತನವಿದೆ. ಕಣ್ಣೆತ್ತಿದರೆ ಬೆಟ್ಟ, ಬೆಟ್ಟದ ಮೇಲೆ ಕೋಟೆ, ಕೋಟೆಯ ಮೇಲೆ ಬತೇರಿ. ಎತ್ತರ ಎನ್ನುವುದನ್ನೆಲ್ಲ ಹಿಂದಿನವರೇ ಕಟ್ಟಿ ಮುಗಿಸಿದ್ದಾರೆ, ಇನ್ನು ನಾವು ತಲೆ ತಾಗದ ಹಾಗೆ ಒಂದು ಮಣ್ಣು ಮಾಳಿಗೆಯ ತಗ್ಗು ಮನೆ ಹಾಕಿಕೊಂಡು ಕೂತರೆ ಸಾಕು ಎಂಬ ನೆಮ್ಮದಿ ನಮ್ಮದು. ಹೊರಗಿನವರು ಯಾರಾದರೂ ಬಂದು ಮೈಸೂರಿನಲ್ಲಿ ಅಂಥ ಉಪ್ಪರಿಗೆ ನೋಡಿದೆ, ಬೆಂಗಳೂರಿನಲ್ಲಿ ಇಂಥ ಗೋಪುರ ನೋಡಿದೆ ಎಂದು ಶುರುಮಾಡಿದರೆ, "ನಮ್ಮ ಬೆಟ್ಟ ಹತ್ತಿದೀರಾ?" ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತೇವೆ. ಹಾಗೆ ಕೇಳುವ ನಮ್ಮಲ್ಲಿ ಅರ್ಧ ಜನ ಮೀಸೆ ಬಂದ ಮೇಲೆ ಬೆಟ್ಟ ಹತ್ತಿದವರಲ್ಲ ಎಂಬುದು ಬೇರೆ ಮಾತು. ಇಂಥ ಊರಿನ ಪೇಟೆ ಬೀದಿಯಲ್ಲಿ, ಅಂಗಡಿಗಳ ಮೇಲೆ ಬಿಡಾರ, ಬಿಡಾರದ ಮೇಲೆ ಸಂಸಾರ ಎಂದು ಮೂರು ಅಂತಸ್ತು ಎಬ್ಬಿಸಿ ನಿಲ್ಲಿಸಿದ ಮಹಾನುಭಾವ ನನ್ನ ಷಡ್ಡಕ ರುದ್ರಪ್ಪಣ್ಣ. ಹೆಂಡತಿಯ ಅಕ್ಕನ ಗಂಡ. ಕಟ್ಟಿಸಿದವನು ಅವನು, ಸಲಹೆ ಕೊಟ್ಟವನು ನಾನು. ಸಲಹೆ ಕೊಟ್ಟವನ ಕಥೆಯನ್ನು ಯಾರೂ ಕೇಳುವುದಿಲ್ಲವಾದ್ದರಿಂದ ನಾನೇ ಹೇಳಬೇಕಾಗಿದೆ.

ನಾನು ಹುಟ್ಟಿನಿಂದ ಸಾಹುಕಾರನಲ್ಲ. ಹಿತ್ತಾಳೆ ಚೆಂಬು, ತಟ್ಟೆ, ಬಿಂದಿಗೆಗಳನ್ನು ಬುಟ್ಟಿಯಲ್ಲಿ ತುಂಬಿ ತಲೆಯ ಮೇಲಿಟ್ಟುಕೊಂಡು ಊರೂರು ತಿರುಗಿ ಮಾರಿದವನು. ಜವನಗೊಂಡನಹಳ್ಳಿಯಿಂದ ಹಿಡಿದು ಬಿ.ದುರ್ಗದವರೆಗೆ ಇರುವ ನಾಯಿಗಳಿಗೆಲ್ಲ ನನ್ನ ಮೀನಖಂಡದ ಪರಿಚಯವಿದೆ. ಆ ತಿರುಗಾಟದಲ್ಲಿ ನಾನು ಕಲಿತ ವಿದ್ಯೆ ಒಂದೇ. ಬೇಕಾದ ವಸ್ತುವನ್ನು ಹೊಗಳಬಾರದು. ಹಳೆಯ ಹಂಡೆ ಕೊಳ್ಳುವಾಗ ಅದರ ಮೇಲೆ ಆಸೆ ಹುಟ್ಟಿದ ಕೂಡಲೇ ಅದರ ತಳದ ಕಡೆ ನೋಡಿ ಮುಖ ಸಿಂಡರಿಸಬೇಕು. ಬೆರಳಿನಿಂದ ಬಡಿದು, ಶಬ್ದ ಸರಿಯಿಲ್ಲವೆಂದು ತಲೆಯಾಡಿಸಬೇಕು. ಎದ್ದು ಹೊರಡುವ ಹಾಗೆ ಮಾಡಿ ಚಪ್ಪಲಿ ಹುಡುಕಬೇಕು. ಚಪ್ಪಲಿ ಬೇಗ ಸಿಗಬಾರದು. ಅಷ್ಟರಲ್ಲಿ ಹಂಡೆ ನಿಮ್ಮದಾಗಿರುತ್ತದೆ. ಓದುಗರಲ್ಲಿ ಯಾರಿಗಾದರೂ ಎತ್ತು, ಎಮ್ಮೆ, ನಿವೇಶನ ಏನೇ ಕೊಳ್ಳುವುದಿದ್ದರೂ ಈ ಉಪಾಯವನ್ನು ಧಾರಾಳವಾಗಿ ಬಳಸಬಹುದು. ಹೆಣ್ಣು ನೋಡಲು ಹೋದಾಗ ಮಾತ್ರ ಬಳಸಬೇಡಿ. ನಾನು ಹೋಗಿದ್ದಾಗ ಹುಡುಗಿ ಮನಸ್ಸಿಗೆ ಬಂದುಬಿಟ್ಟಳು. ಅಭ್ಯಾಸಬಲದಿಂದ ಅವಲಕ್ಕಿಗೆ ಒಗ್ಗರಣೆ ಸಾಲದು, ಜಗಲಿ ತಗ್ಗು, ಮನೆ ಮುಂದಿನ ಬೇವಿನ ಮರ ಸೊಟ್ಟ ಎಂದು ಒಂದೊಂದಾಗಿ ತೆಗೆಯುತ್ತಾ ಹೋದೆ. ಮಾವನವರು ಬೆವೆತುಹೋದರು. ಒಳಗಿನಿಂದ ಒಂದು ದನಿ ಮಾತ್ರ ಸ್ಪಷ್ಟವಾಗಿ ಕೇಳಿಸಿತು. "ಇವ್ರು ಹೆಣ್ಣು ನೋಡಾಕ್ ಬಂದಾರೋ, ಎತ್ತು ನೋಡಾಕ್ ಬಂದಾರೋ ಕೇಳ್ರಿ." ಆ ದನಿಯೇ ಇವತ್ತಿಗೂ ನನ್ನ ಮನೆಯಲ್ಲಿದೆ. ಹೆಸರು ಗೌರಮ್ಮ.

ಆಗ ದುರ್ಗದ ಪೇಟೆ ದಿನಕ್ಕೊಂದು ಚೂರು ಬೆಳೆಯುತ್ತಿದ್ದ ಕಾಲ. ಹೊಳಲ್ಕೆರೆಯ ರೈಲು ನಿಲ್ದಾಣದಲ್ಲಿ ಇಳಿದ ಸರಕು ಗಾಡಿಗಳ ಸಾಲಿನಲ್ಲಿ ಬಂದು ನಮ್ಮ ಬೀದಿಯಲ್ಲಿ ಇಳಿಯುತ್ತಿತ್ತು. ಹತ್ತಿಯ ವ್ಯಾಪಾರಿಗಳು, ಕಚೇರಿ ಕೆಲಸದವರು, ಹೊಸದುರ್ಗ ಹಿರಿಯೂರಿನಿಂದ ಕೋರ್ಟಿಗೆ ಬರುವ ಕಕ್ಷಿಗಾರರು ಸಂಜೆಯಾದರೆ ಯಾರದೋ ಜಗಲಿಯ ಮೇಲೆ ಗಂಟು ತಲೆಗಿಟ್ಟು ಮಲಗುತ್ತಿದ್ದರು. ರುದ್ರಪ್ಪಣ್ಣನ ನಿವೇಶನ ಪೇಟೆ ಬೀದಿಗೆ ಮುಖಮಾಡಿ, ಒಂದು ಪಕ್ಕಕ್ಕೆ ಗಲ್ಲಿಯನ್ನಿಟ್ಟುಕೊಂಡು, ನೋಡಿದವರ ಹೊಟ್ಟೆಯುರಿಯುವ ಜಾಗದಲ್ಲಿತ್ತು. ಅವನು ಮೆದು ಮಾತಿನ ಮನುಷ್ಯ, ಆದರೆ ಆಸೆ ದೊಡ್ಡದು. ಮುಂದೆ ನಾಲ್ಕು ಅಂಗಡಿ, ಮೇಲೆ ಬಂದವರಿಗೆ ಬಿಡಾರದ ಕೋಣೆಗಳು, ಹೀಗೆ ಕಟ್ಟಿದರೆ ಹೇಗೆ ಎಂದು ನನ್ನನ್ನು ಕರೆದು ಕೇಳಿದ. ಒಂದೇ ಸಲ ಕಟ್ಟಬೇಡ, ಒಂದೊಂದು ಬೇಸಿಗೆಗೆ ಒಂದೊಂದು ಅಂತಸ್ತು ಏರಿಸು, ಕೆಳಗಿನದರ ಬಾಡಿಗೆ ಮೇಲಿನದನ್ನು ಕಟ್ಟಲಿ ಎಂದು ನಾನು ಹೇಳಿದೆ. ಹಾಗೆಯೇ ಬೀದಿಗೆ ಮುಖವಿರುವ ಒಂದು ಗೇಣು ಜಾಗವನ್ನೂ ದಂಡ ಮಾಡಬೇಡ, ಎಲ್ಲವೂ ಅಂಗಡಿಯಾಗಲಿ ಎಂದೂ ಹೇಳಿದೆ. ಈ ಎರಡನೆಯ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ಆಗ ಅದು ಬಹಳ ಬುದ್ಧಿವಂತಿಕೆಯ ಮಾತಾಗಿ ಕಂಡಿತ್ತು.

ಕಟ್ಟುವುದಕ್ಕೆ ಸಿಕ್ಕಿದವನು ಓಬಯ್ಯ ಮೇಸ್ತ್ರಿ. ಮಾರಿಕಣಿವೆಯಲ್ಲಿ ಅಣೆಕಟ್ಟೆ ಏಳುವಾಗ ಅಲ್ಲಿ ಗಾರೆ ಕೆಲಸ ಮಾಡಿ, ಅದು ಮುಗಿದ ಮೇಲೆ ದುರ್ಗಕ್ಕೆ ಬಂದವನು. ಅವನ ಬಾಯಲ್ಲಿ ಕಣಿವೆಯ ಹೆಸರಿಲ್ಲದ ಮಾತು ಹೊರಡುತ್ತಿರಲಿಲ್ಲ. ಸುಣ್ಣ ಹೇಗೆ ಅರೆಯಬೇಕು ಎಂದರೆ ಕಣಿವೆಯಲ್ಲಿ ಅರೆದ ಹಾಗೆ, ಗೋಡೆ ಎಷ್ಟು ದಪ್ಪ ಎಂದರೆ ಕಣಿವೆಯಲ್ಲಿ ಇನ್ನೂ ದಪ್ಪ, ಮಧ್ಯಾಹ್ನ ಊಟಕ್ಕೆ ಏಳಬೇಕೆಂದರೂ ಕಣಿವೆಯಲ್ಲಿ ಈ ಹೊತ್ತಿಗೆ ಏಳುತ್ತಿದ್ದೆವು. ಅಷ್ಟು ನೀರನ್ನು ಹಿಡಿದು ನಿಲ್ಲಿಸಿದ ಕೈಗೆ ಮೂರು ಅಂತಸ್ತು ಯಾವ ಲೆಕ್ಕ ಎಂದು ಅವನು ಎದೆ ಮುಟ್ಟಿಕೊಂಡು ಹೇಳಿದಾಗ ನಾವಿಬ್ಬರೂ ಒಪ್ಪಿಕೊಂಡೆವು. ಅವನು ಸುಳ್ಳು ಹೇಳಲಿಲ್ಲ. ಗೋಡೆಗಳು ಆನೆ ಒರಗಿದರೂ ಅಲುಗದ ಹಾಗೆ ಬಂದವು.

ಇನ್ನು ನನ್ನ ಆಸೆಯ ವಿಷಯ. ಆ ನಾಲ್ಕು ಮಳಿಗೆಗಳಲ್ಲಿ ಗಲ್ಲಿ ಮೂಲೆಯದು ನನಗೆ ಬೇಕಾಗಿತ್ತು. ಬೇಕಾಗಿತ್ತು ಎಂದರೆ ಸಾಲದು. ಬುಟ್ಟಿ ಹೊತ್ತು ತಿರುಗುತ್ತಿದ್ದ ಕಾಲದಲ್ಲಿ ಯಾವ ಊರಿನ ಪೇಟೆಗೆ ಹೋದರೂ ಮೂಲೆ ಅಂಗಡಿಯವನನ್ನು ನಿಂತು ನೋಡುತ್ತಿದ್ದೆ. ಎರಡು ಬೀದಿಯ ಗಾಳಿ, ಎರಡು ಬೀದಿಯ ಗಿರಾಕಿ, ನಡುವೆ ಗಾದಿ ಹಾಕಿಕೊಂಡು ಕೂತ ಅವನು ನನಗೆ ದೊರೆಯ ಹಾಗೆ ಕಾಣುತ್ತಿದ್ದ. ತಲೆಯ ಮೇಲಿನ ಬುಟ್ಟಿ ಇಳಿಸಿದರೆ ಇಂಥ ಕಡೆಯೇ ಇಳಿಸಬೇಕು ಎಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡಿದ್ದೆ. ಆದ್ದರಿಂದ ಬಾಡಿಗೆ ಮಾತಾಡಲು ಷಡ್ಡಕನ ಹಜಾರದಲ್ಲಿ ಕೂತಾಗ, ಆ ಮೂಲೆಯನ್ನು ನನ್ನ ವಿದ್ಯೆಯನ್ನೆಲ್ಲ ಖರ್ಚು ಮಾಡಿ ಬಯ್ದೆ.

"ಅಣ್ಣಾ, ಆ ಮೂಲೆ ಅಂಗಡಿಗೆ ಬರೋ ಜಾಗಾನೇ ಅಲ್ಲ. ಎರಡು ಕಡೆ ಬಾಗಿಲು, ಇನ್ನು ಪಾತ್ರೆ ಜೋಡ್ಸಾಕೆ ಗೋಡೆ ಎಲ್ಲೈತೆ? ಎರಡು ಬೀದಿ ಧೂಳು ಅಲ್ಲೇ ಬಂದು ಕುಂತ್ಕಳತ್ತೆ. ಬರೋರು ಹೋಗೋರು ತುಳ್ಕಂಡು ಓಡಾಡಾಕೆ ಸರಿ ಅದು, ಯಾಪಾರಕ್ಕಲ್ಲ. ಏನೋ ನಮ್ಮೋನು ನೀನು ಅಂತ ನಾನು ತಗಳ್ತೀನಿ."

ಇಷ್ಟು ಹೇಳಿ ಚಪ್ಪಲಿ ಹುಡುಕಿದೆ. ರುದ್ರಪ್ಪಣ್ಣ ಪಾಪ, ತಾನು ಕಟ್ಟಿದ್ದರಲ್ಲಿ ಒಂದು ಮೂಲೆ ಕೆಟ್ಟಿತಲ್ಲ ಎಂದು ಬಾಡಿದ ಮುಖದಲ್ಲೇ ನಾನು ಕೇಳಿದ ಬಾಡಿಗೆಗೆ ಒಪ್ಪಿದ. ಜೊತೆಗೆ, ನಾನಿರುವ ತನಕ ಆ ಮಳಿಗೆ ನನ್ನದೇ ಎಂದು ಮಾತನ್ನೂ ಕೊಟ್ಟ. ಅವನು ಮಾತು ಕೊಟ್ಟರೆ ಓಬಯ್ಯನ ಗೋಡೆ ಇದ್ದ ಹಾಗೆ. ಮನೆಗೆ ಬಂದು ಗೌರಮ್ಮನಿಗೆ ವಿಷಯ ಹೇಳಿ, ಹೋಳಿಗೆ ಮಾಡಿಸಿಕೊಂಡು ತಿಂದೆ.

ಮೊದಲನೆಯ ಬೇಸಿಗೆಯಲ್ಲಿ ಅಂಗಡಿಗಳೂ ಅವುಗಳ ಹಿಂದೆ ಮನೆಯೂ ಬಂದವು. ಎರಡನೆಯದರಲ್ಲಿ ಮೇಲೆ ಬಿಡಾರ ಬಂತು. ಅಲ್ಲಿಗೇ ರುದ್ರಪ್ಪಣ್ಣ ನಿಲ್ಲಿಸುತ್ತಿದ್ದನೋ ಏನೋ, ಆದರೆ ಅವನ ಹೆಂಡತಿ ಪಾರ್ವತಕ್ಕ ಬಿಡಲಿಲ್ಲ. ದೇವರ ಕೋಣೆ ಕೆಳಗಿನ ಮನೆಯಲ್ಲಿತ್ತು. ದೇವರ ನೆತ್ತಿಯ ಮೇಲೆ ಹೊಸದುರ್ಗದ ಕಕ್ಷಿಗಾರನೊಬ್ಬ ಕಾಲು ಚಾಚಿ ಮಲಗುತ್ತಾನೆ ಎಂಬುದು ಗೊತ್ತಾದ ದಿನ ಆಕೆ ದೀಪ ಹಚ್ಚುವಾಗ ಅತ್ತುಬಿಟ್ಟಳಂತೆ. ಸದ್ಯಕ್ಕೆಂದು ಮೇಲಿನ ಕೋಣೆಯಲ್ಲಿ ದೇವರ ನೇರಕ್ಕೆ ಬರುವಷ್ಟು ಜಾಗಕ್ಕೆ ಜಾಲಿಮುಳ್ಳು ಹಾಕಿದರು. ಬೆಳಗಿನ ಜಾವ ಎದ್ದ ಕಕ್ಷಿಗಾರ ಅದನ್ನೇ ತುಳಿದು, ಕುಂಟುತ್ತಾ ಕೋರ್ಟಿಗೆ ಹೋದ. ಎದುರು ಪಕ್ಷದವರು ಹೊಡೆಸಿದರೆಂದು ಅವನ ವಕೀಲರು ಇನ್ನೊಂದು ದಾವೆ ಹಾಕಲು ನೋಡಿದರಂತೆ. ಇದೆಲ್ಲ ಆದ ಮೇಲೆ ಪಾರ್ವತಕ್ಕ ಕಡ್ಡಿ ಮುರಿದ ಹಾಗೆ ಹೇಳಿದಳು. ದೇವರು ಎಲ್ಲರಿಗಿಂತ ಮೇಲಿರಬೇಕು, ದೇವರಿದ್ದ ಕಡೆ ಸಂಸಾರ ಇರಬೇಕು. ಹೀಗೆ ದುರ್ಗದ ಪೇಟೆಯಲ್ಲಿ ಮೂರನೆಯ ಅಂತಸ್ತು ಎದ್ದದ್ದು ಯಾರ ದೊಡ್ಡಸ್ತಿಕೆಗೂ ಅಲ್ಲ, ದೇವರ ನೆತ್ತಿಯ ಸಲುವಾಗಿ.

ಅದು ಎದ್ದು ನಿಂತಾಗಿನ ಚಂದವನ್ನು ನಾನು ಏನೆಂದು ಹೇಳಲಿ! ಬೆಳಿಗ್ಗೆ ಬೆಟ್ಟದ ಬಂಡೆಗಳ ಮೇಲೆ ಬಿದ್ದ ಬಿಸಿಲು, ಆಮೇಲೆ ನೇರ ರುದ್ರಪ್ಪಣ್ಣನ ತಾರಸಿಯ ಕೈಪಿಡಿ ಗೋಡೆಗೆ ಇಳಿಯುತ್ತಿತ್ತು. ಉಳಿದ ಮನೆಗಳೆಲ್ಲ ನೆರಳಿನಲ್ಲಿ ಕಾದಿರಬೇಕು. ಮೇಲೆ ನಿಂತರೆ ಹೊಳಲ್ಕೆರೆ ದಾರಿಯಲ್ಲಿ ಬರುವ ಗಾಡಿಗಳ ಧೂಳು ಕಾಣುತ್ತಿತ್ತು. ಯಾರ ಹತ್ತಿ ಎಷ್ಟು ಬರುತ್ತಿದೆ ಎಂದು ಪೇಟೆಗೆ ಮುಟ್ಟುವ ಮೊದಲೇ ತಿಳಿಯಬಹುದಾಗಿತ್ತು. ಸುತ್ತಲ ತಾಲ್ಲೂಕುಗಳಿಂದ ಸಂತೆಗೆ ಬಂದ ಜನ ಸಂತೆ ಮುಗಿಸಿ ಇದನ್ನು ನೋಡಲು ನಿಲ್ಲುತ್ತಿದ್ದರು. ರಾಮಗಿರಿಯ ಮುದುಕಿಯೊಬ್ಬಳು ಪೇಟ ಬಿದ್ದುಹೋದೀತು ಎಂದು ತನ್ನ ಗಂಡನ ತಲೆಯನ್ನು ಹಿಂದಿನಿಂದ ಹಿಡಿದುಕೊಂಡು ತೋರಿಸುತ್ತಿದ್ದುದನ್ನು ನಾನೇ ಕಂಡೆ. ಒಳಗೊಳಗೇ ಉಬ್ಬುತ್ತಿದ್ದೆ. ಆದರೆ ರುದ್ರಪ್ಪಣ್ಣ ಸಂಜೆ ಪಕ್ಕದಲ್ಲಿ ಬಂದು ನಿಂತು, ಹೆಂಗೈತಪ್ಪ ಎಂದು ಮೆಲ್ಲಗೆ ಕೇಳಿದಾಗ, ಬಾಯಿ ತನ್ನ ಹಳೆಯ ದಾರಿಯನ್ನೇ ಹಿಡಿಯಿತು. ಕಿಟಕಿ ಇನ್ನೊಂದು ಚೂರು ಅಗಲ ಇರಬೇಕಾಗಿತ್ತು ಎಂದೆ. ಅವನು ಹೌದಾ ಎಂದು ಕಿಟಕಿಯನ್ನೇ ನೋಡುತ್ತಾ ನಿಂತ.

ಇಷ್ಟು ದಿನ ಮೇಲಕ್ಕೆ ಹತ್ತುತ್ತಿದ್ದದ್ದು ಹೇಗೆ ಎಂದು ಜಾಣ ಓದುಗರು ಕೇಳಬೇಕಾಗಿತ್ತು. ನೀವೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಗಲ್ಲಿಯಿಲ್ಲದ ಇನ್ನೊಂದು ಪಕ್ಕಕ್ಕೆ, ಅಂದರೆ ನಾಲ್ಕು ಮಳಿಗೆಗಳಲ್ಲಿ ಆ ತುದಿಯದಾದ ಸಿಹಿತಿಂಡಿ ಅಂಗಡಿಯ ಕಡೆಗೆ, ಒಂದು ಖಾಲಿ ನಿವೇಶನವಿತ್ತು. ಅದರ ಯಜಮಾನರನ್ನು ಕೇಳಿಕೊಂಡು ಓಬಯ್ಯ ಅಲ್ಲಿ ಮಣ್ಣು ಸುರಿದು, ಕೆರೆ ಏರಿಯ ಹಾಗೆ ಇಳಿಜಾರು ಮಾಡಿ, ಅದರ ಮೇಲೇ ಕಲ್ಲು ಸುಣ್ಣ ಸಾಗಿಸಿದ್ದ. ಬಿಡಾರದ ಜನವೂ ಅದರ ಮೇಲೇ ನಡೆದು ಬಾಗಿಲಿಗೆ ಬರುತ್ತಿದ್ದರು. ಬಿಡಾರದಿಂದ ಮೇಲಿನ ಅಂತಸ್ತಿಗೆ ಒಳಗೇ ಒಂದು ಬೆಳಕಿಂಡಿಯಲ್ಲಿ ಏಣಿ ಇತ್ತು. ವರ್ಷವಿಡೀ ಓಡಾಡಿ ಆ ಮಣ್ಣಿನ ದಾರಿ ಎಷ್ಟು ಗಟ್ಟಿಯಾಗಿತ್ತೆಂದರೆ, ಅದು ಮನೆಯದಲ್ಲ ಎಂಬುದೇ ಎಲ್ಲರಿಗೂ ಮರೆತುಹೋಗಿತ್ತು. ಗೃಹಪ್ರವೇಶಕ್ಕೆ ಮಠದ ಅಯ್ಯನವರು ದಿನ ಗೊತ್ತುಮಾಡಿಕೊಟ್ಟ ಮೇಲೆ, ನಿವೇಶನದ ಯಜಮಾನರು ಇನ್ನು ನಮ್ಮ ಜಾಗ ಬಿಡಿಸಿಕೊಡಿ ಎಂದರು. ನ್ಯಾಯವಾದ ಮಾತು. ಗಾಡಿಗಳು ಬಂದವು, ಆಳುಗಳು ಬಂದರು, ಮಧ್ಯಾಹ್ನಕ್ಕೆ ಮಣ್ಣೆಲ್ಲ ಹೊಲಕ್ಕೆ ಹೋಯಿತು. ನಾನು ನನ್ನ ಮೂಲೆ ಮಳಿಗೆಯಲ್ಲಿ ಹೊಸ ಕೊಪ್ಪರಿಗೆ ಒರೆಸುತ್ತಾ ಕೂತಿದ್ದೆ. ಆಗ ಮೇಲಿನಿಂದ ಪಾರ್ವತಕ್ಕನ ದನಿ ಬಂತು. ಆಕೆ ದೇವರ ಕೋಣೆಗೆ ರಂಗೋಲಿ ಹಾಕಲು ಬೆಳಿಗ್ಗೆಯೇ ಹೋಗಿದ್ದಳು.

"ಏನ್ರೀ, ನಾನು ಇಳಿಯೋದೆಲ್ಲಿ?"

ಬೀದಿಯಲ್ಲಿ ಒಬ್ಬೊಬ್ಬರಾಗಿ ನಿಂತರು. ರುದ್ರಪ್ಪಣ್ಣ ಮೇಲೆ ನೋಡಿದ, ಪಕ್ಕಕ್ಕೆ ನೋಡಿದ, ಕೊನೆಗೆ ಓಬಯ್ಯನನ್ನು ನೋಡಿದ. ಓಬಯ್ಯ ರುಮಾಲು ಬಿಚ್ಚಿ ಮತ್ತೆ ಕಟ್ಟಿಕೊಂಡ. ಮೆಟ್ಟಿಲೆಲ್ಲಿ ಎಂದು ಕೇಳಿದ್ದಕ್ಕೆ, ತಾನು ಕಣಿವೆಯಲ್ಲಿ ಕಟ್ಟಿದ್ದು ನೀರು ನಿಲ್ಲುವುದಕ್ಕೆ, ನೀರು ಯಾವತ್ತೂ ಮೆಟ್ಟಿಲು ಕೇಳಿರಲಿಲ್ಲ ಎಂದ. ಆಮೇಲೆ ಯೋಚಿಸಿ, ಒಂದು ಗೇಣು ಜಾಗವೂ ದಂಡವಾಗಬಾರದೆಂದು ಸಿದ್ದಪ್ಪನವರೇ ಹೇಳಿದ್ದರು ಎಂದು ಸೇರಿಸಿದ. ಸಿದ್ದಪ್ಪ ಎಂದರೆ ನಾನು.

ಏಣಿ ತಂದು ಗೋಡೆಗೆ ಒರಗಿಸಿದರು. ಪಾರ್ವತಕ್ಕ ಕೈಪಿಡಿ ಗೋಡೆಯ ಮೇಲಿಂದ ಒಮ್ಮೆ ಏಣಿಯನ್ನೂ ಒಮ್ಮೆ ಬೀದಿಯನ್ನೂ ನೋಡಿದಳು. ಇಡೀ ಪೇಟೆ ಕತ್ತೆತ್ತಿ ನಿಂತಿರುವಾಗ ಸೀರೆ ಉಟ್ಟ ಹೆಂಗಸು ಬೀದಿ ಏಣಿ ಇಳಿಯುವುದುಂಟೆ! ಮೆಟ್ಟಿಲಾಗುವ ತನಕ ದೇವರ ಕೋಣೆಯಲ್ಲೇ ಇರುತ್ತೇನೆ ಎಂದು ಕೂತುಬಿಟ್ಟಳು. ಹಗ್ಗಕ್ಕೆ ಬುಟ್ಟಿ ಕಟ್ಟಿ ರೊಟ್ಟಿ ಪಲ್ಯ ಏರಿಸಿದ್ದಾಯಿತು. ಕೆಳಗೆ ಬೀದಿಯಲ್ಲೇ ಸಭೆ ಸೇರಿತು.

ಮೆಟ್ಟಿಲನ್ನು ಎಲ್ಲಿ ಹಾಕುವುದು? ಹಿಂದೆ ಹಾಕಿದರೆ ಬಿಡಾರದ ಗಂಡಸರೆಲ್ಲ ಬಾವಿಕಟ್ಟೆಯ ಮೇಲೆ ಹಾದು ಹೋಗಬೇಕು, ಅಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಾರೆ. ಹಾಗಾದರೆ ಮುಂದಿನ ನಾಲ್ಕರಲ್ಲಿ ಒಂದು ಮಳಿಗೆ ಹೋಗಬೇಕು.  ನಾನು ಕೂಡಲೇ ಎದ್ದು ನಿಂತು ಸಲಹೆ ಶುರುಮಾಡಿದೆ. ಸಿಹಿತಿಂಡಿಯವರ ಮಳಿಗೆ ತೋರಿಸಿದೆ. ಅಲ್ಲಿ ಆಗ್ನೇಯದ ಒಲೆ, ಜನ ಹೊಗೆಯಲ್ಲಿ ಹತ್ತಬೇಕಾಗುತ್ತದೆ ಎಂದರು. ಜವಳಿಯವರದನ್ನು ತೋರಿಸಿದೆ, ದಿನಸಿಯವರದನ್ನು ತೋರಿಸಿದೆ. ನಡುವಿನ ತೊಲೆಗಳೆಲ್ಲ ಆ ಎರಡರ ಮೇಲೇ ಕೂತಿವೆ, ಅಲ್ಲಿ ಕೊರೆದರೆ ತಾನು ಜವಾಬ್ದಾರನಲ್ಲ ಎಂದು ಓಬಯ್ಯ ಎರಡು ಕೈಯನ್ನೂ ಎತ್ತಿದ. ಮೆಟ್ಟಿಲು ನೈಋತ್ಯಕ್ಕಿದ್ದರೆ ಶ್ರೇಯಸ್ಸು ಎಂದು ಯಾರೋ ಹಿಂದಿನಿಂದ ಅಂದರು. ಮೇಲಿನ ಬೆಳಕಿಂಡಿಯೂ ಅದೇ ನೇರಕ್ಕಿದೆ ಎಂದು ಇನ್ನೊಬ್ಬರು ಅಂದರು. ನೈಋತ್ಯ ಎಂದರೆ ನನ್ನ ಗಾದಿ.

ರುದ್ರಪ್ಪಣ್ಣ ಮಾತ್ರ ತಲೆ ಅಲ್ಲಾಡಿಸಿದ. ಸಿದ್ದಪ್ಪನಿಗೆ ಮಾತು ಕೊಟ್ಟಿದ್ದೇನೆ, ಆ ಮಳಿಗೆ ಮುಟ್ಟುವ ಹಾಗಿಲ್ಲ, ಬೇಕಾದರೆ ಮೇಲಿನ ಎರಡೂ ಅಂತಸ್ತು ಬೀಗ ಹಾಕಿಕೊಂಡಿರಲಿ ಎಂದ.  ನಾನು ಗೆದ್ದೆ ಎಂದು ಉಸಿರು ಬಿಡುವಷ್ಟರಲ್ಲಿ ಕೈಪಿಡಿ ಗೋಡೆಯ ಮೇಲಿನಿಂದ ಪಾರ್ವತಕ್ಕ ಮಾತಾಡಿದಳು. ಅಷ್ಟೆತ್ತರದಿಂದ ಆಡಿದ ಮಾತು ಪೇಟೆಗೆಲ್ಲ ಹಂಚಿದ ಹಾಗೆ ಕೇಳಿಸುತ್ತದೆ ಎಂಬುದು ನನಗೆ ಆವತ್ತು ತಿಳಿಯಿತು.

"ಲೇ ಸಿದ್ದಪ್ಪ, ಬಾಡಿಗೆ ಮಾತಾಡಾಕ್ ಬಂದಾಗ ನೀನು ಹಜಾರದಾಗೆ ಕುಂತು ಏನಂದೆ? ಆ ಮೂಲೆ ಯಾಪಾರಕ್ಕಲ್ಲ, ಬರೋರು ಹೋಗೋರು ತುಳ್ಕಂಡು ಓಡಾಡಾಕೆ ಸರಿ ಅಂದೆ. ನಾನು ಬಾಗಿಲ ಹಿಂದೇ ಇದ್ದೆ. ನಮ್ಮ ಯಜಮಾನ್ರು ಅವತ್ತು ಊಟಾನೂ ಮಾಡ್ಲಿಲ್ಲ. ಈಗ ತುಳಿಯೋರು ಬಂದಾರೆ. ಜಾಗ ಬಿಡ್ತೀಯೋ, ಅವತ್ತು ಹೇಳಿದ್ದು ಸುಳ್ಳು ಅಂತೀಯೋ?"

ಪೇಟೆಯ ವ್ಯಾಪಾರಿಗಳೆಲ್ಲ ನನ್ನ ಮುಖ ನೋಡಿದರು. ಸುಳ್ಳು ಎಂದರೆ ನಾಳೆಯಿಂದ ನಾನು ಯಾವ ಹಂಡೆಯ ತಳ ನೋಡಿ ಮುಖ ಸಿಂಡರಿಸಿದರೂ ನಗುವವರೇ. ನಿಜ ಎಂದರೆ ಗಾದಿ ಹೋಯಿತು. ಗುಂಪಿನಲ್ಲಿದ್ದ ಗೌರಮ್ಮನ ಕಡೆ ಸಹಾಯಕ್ಕೆಂದು ತಿರುಗಿದೆ. ಆಕೆ ಸೆರಗಿನ ಮರೆಯಲ್ಲಿ ಅಂದದ್ದು ಇಷ್ಟೇ. "ಅವಲಕ್ಕಿಗೆ ಒಗ್ಗರಣೆ ಸಾಲ್ದು ಅಂತಿದ್ರಲ್ಲ, ಈಗ ಸಾಕಾತೇನ್ರಿ?"

ನಾನು ಮೇಲೆ ನೋಡಿದೆ. ಕೆಳಗೆ ಅಂಗಡಿ, ನಡುವೆ ಬಿಡಾರ, ಅದರ ಮೇಲೆ ಬಿಸಿಲಿನಲ್ಲಿ ಬೆಳ್ಳಗೆ ಹೊಳೆಯುವ ಮನೆ, ಮನೆಯೊಳಗೆ ಈಗಷ್ಟೇ ರಂಗೋಲಿ ಕಂಡ ದೇವರ ಕೋಣೆ. ಹತ್ತುವವರಿಲ್ಲದೆ ಅದು ಬೀಗ ಹಾಕಿಕೊಂಡು ನಿಂತಿರುವುದನ್ನು ಕಣ್ಣಮುಂದೆ ತಂದುಕೊಂಡೆ. ಬುಟ್ಟಿ ಹೊತ್ತ ಹುಡುಗನಾಗಿದ್ದಾಗ ನಾನು ನೋಡಿದ ಮೂಲೆ ಅಂಗಡಿಗಳಿಗೆ ಲೆಕ್ಕವಿಲ್ಲ. ಇಂಥ ಮನೆಯನ್ನು ಮಾತ್ರ ಎಲ್ಲಿಯೂ ಕಂಡಿರಲಿಲ್ಲ. "ಕೊರಿಯೋ ಓಬಯ್ಯ" ಎಂದೆ.  ನನ್ನ ಬದುಕಿನಲ್ಲಿ ಎದುರು ಮಾತಿಲ್ಲದೆ ಮುಗಿದ ವ್ಯವಹಾರ ಅದೊಂದೇ.

ಸಂಜೆಯೊಳಗೆ ನನ್ನ ಮಳಿಗೆಯ ಸೂರಿನಲ್ಲಿ ಆಕಾಶದಷ್ಟು ಕಿಂಡಿಯಾಯಿತು. ಎರಡೂ ಬಾಗಿಲು ಹಾಕಿ, ಗಂಡಸರೆಲ್ಲ ಹೊರಗೆ ನಿಂತು, ಒಳಗೆ ಏಣಿ ಇಟ್ಟು ಪಾರ್ವತಕ್ಕನನ್ನು ಇಳಿಸಿಕೊಂಡರು. ಆಕೆ ನನ್ನ ಗಾದಿಯ ಮೇಲೇ ಕಾಲಿಟ್ಟು ಇಳಿದಳಂತೆ. ಗೃಹಪ್ರವೇಶದ ಹೊತ್ತಿಗೆ ಓಬಯ್ಯ ಕಲ್ಲಿನ ಚಪ್ಪಡಿಗಳನ್ನು ಗೋಡೆಗೆ ಸಿಕ್ಕಿಸಿ ಮೆಟ್ಟಿಲು ಮುಗಿಸಿದ. ಕಣಿವೆಯಲ್ಲೂ ಇಂಥದ್ದು ಇಲ್ಲ ಎಂದು ಮೊದಲ ಸಲ ಒಪ್ಪಿಕೊಂಡ. ಅಯ್ಯನವರು ಅದರ ಮೇಲೇ ಹತ್ತಿ ಹೋದರು, ದೇವರೂ ಅದರ ಮೇಲೇ ಹೋಯಿತು. ಮೆಟ್ಟಿಲ ಕೆಳಗೆ ಉಳಿದ ಇಳಿಜಾರಿನ ಜಾಗವನ್ನು ರುದ್ರಪ್ಪಣ್ಣ ನನಗೇ ಬಿಟ್ಟ. ಬಾಡಿಗೆ ಬೇಡವೆಂದ. ನಾನೇ ಹಟ ಹಿಡಿದು ಮೊದಲಿನ ಬಾಡಿಗೆಯನ್ನೇ ಕೊಡುತ್ತೇನೆ ಎಂದೆ. ನನ್ನ ಬಾಯಿಂದ ಇಂಥ ಮಾತು ಹೊರಟದ್ದು ಕೇಳಿ ಗೌರಮ್ಮ ಹಣೆ ಮುಟ್ಟಿ ಜ್ವರ ನೋಡಿದಳು.

ಈಗ ನನ್ನ ಪಾತ್ರೆಗಳು ಮೆಟ್ಟಿಲ ಕೆಳಗೇ ಇವೆ. ದೊಡ್ಡ ಹಂಡೆ ಎತ್ತರದ ಕಡೆ, ಕುಂಕುಮದ ಬಟ್ಟಲು ತಗ್ಗಿನ ಕಡೆ, ಮೆಟ್ಟಿಲು ಇಳಿದ ಹಾಗೆ ಪಾತ್ರೆಗಳೂ ಇಳಿದುಕೊಂಡು ಬಂದಿವೆ. ಮೇಲೆ ಯಾರು ಹತ್ತಿದರೂ ಹಿತ್ತಾಳೆಯೆಲ್ಲ ಸಣ್ಣಗೆ ದನಿಗೂಡುತ್ತದೆ. ದಾವೆ ಗೆದ್ದವನ ಹೆಜ್ಜೆಗೆ ಬಿಂದಿಗೆ ನುಡಿಯುವುದೇ ಬೇರೆ, ಸೋತವನ ಹೆಜ್ಜೆಗೆ ಬೇರೆ. ಸೋತವರನ್ನು ನಾನು ಹೊರಗೆ ಬಂದು ಕರೆದು, ಬರ್ರಿ ಕುಂತ್ಕಳ್ರಿ ಎಂದು ಸಲಹೆ ಕೊಡುತ್ತೇನೆ. ಹೋಗುವಾಗ ಅವರು ಸಮಾಧಾನಕ್ಕೆಂದು ಒಂದು ಚೆಂಬಾದರೂ ಕೊಂಡು ಹೋಗುತ್ತಾರೆ. ಎರಡು ಬೀದಿಯ ಗಿರಾಕಿಯಲ್ಲದೆ ಮೂರು ಅಂತಸ್ತಿನ ಗಿರಾಕಿಯೂ ನನ್ನ ಮುಂದೆಯೇ ಹಾಯಬೇಕಾದ್ದರಿಂದ ವ್ಯಾಪಾರಕ್ಕೆ ದೋಷವಿಲ್ಲ. ಇದನ್ನು ರುದ್ರಪ್ಪಣ್ಣನಿಗೆ ತಿಳಿಸಿಲ್ಲ. ನೀವೂ ತಿಳಿಸಬೇಡಿ.

ಮೊನ್ನೆ ಸಂಜೆ ಇಬ್ಬರೂ ಬೀದಿಯ ಆ ಕಡೆ ನಿಂತು ಕಟ್ಟಡ ನೋಡುತ್ತಿದ್ದೆವು. ಹೆಂಗೈತಪ್ಪ ಎಂದು ಅವನು ಕೇಳಲಿಲ್ಲ, ಕೇಳುವುದನ್ನು ಬಿಟ್ಟು ಬಹಳ ದಿನವಾಗಿತ್ತು. ನನಗೇ ಏನೋ ಆಯಿತು. ಗಂಟಲು ಸರಿಮಾಡಿಕೊಂಡು, "ಚೆನ್ನಾಗೈತೆ ಅಣ್ಣಾ. ನಾಕು ತಾಲ್ಲೂಕಿನಾಗೆ ಇಂಥದ್ದಿಲ್ಲ" ಎಂದೆ. ರುದ್ರಪ್ಪಣ್ಣ ಬೆಚ್ಚಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಯಾಕಪ್ಪ," ಎಂದ, "ಯಾರಿಗಾದ್ರೂ ಮಾರಿಸ್ಬೇಕು ಅಂತಿದೀಯೇನು?"

ಇಲ್ಲ ಎಂದು ಎಷ್ಟು ಹೇಳಿದರೂ ಅವನು ನಂಬಲಿಲ್ಲ. ಆ ರಾತ್ರಿಯಿಂದಲೇ ಮನೆಯ ಪತ್ರಗಳನ್ನು ದೇವರ ಕೋಣೆಗೆ ಸಾಗಿಸಿದ್ದಾನೆಂದು ಗೌರಮ್ಮ ಹೇಳಿದಳು. ಇರಲಿ. ದುರ್ಗದ ಜನಕ್ಕೆ ಬೆಟ್ಟದ ಕಡೆಯಲ್ಲದೆ ಬೇರೆ ಕಡೆಯೂ ಕತ್ತೆತ್ತಿ ನೋಡುವುದನ್ನು ಕಲಿಸಿದವನು ನಾನು. ಈಗ ಬೀದಿಯಲ್ಲಿ ಹೋಗುವವರೆಲ್ಲ ತಲೆ ಎತ್ತಿಕೊಂಡು ಹೋಗುತ್ತಾರೆ. ಅಂಗಡಿಯೊಳಗೆ ಹೋಗಬೇಕಾದರೆ ತಲೆ ತಗ್ಗಿಸಬೇಕಾದವನು ನಾನೊಬ್ಬನೇ. ಮೊದಮೊದಲು ಮರೆತು ಸೆಟೆದುಕೊಂಡೇ ನುಗ್ಗುತ್ತಿದ್ದೆ. ಹಣೆ ಮೆಟ್ಟಿಲಿನ ಚಪ್ಪಡಿಗೆ ಬಡಿದು ಪಾತ್ರೆಗಳೆಲ್ಲ ಒಟ್ಟಿಗೆ ನುಡಿಯುತ್ತಿದ್ದವು. ಈಗ ಅಭ್ಯಾಸವಾಗಿದೆ.